ತಡವಾಗಿ ತೋರುವ ಕೇಡು: ಸಾವಯವ ರಂಜಕ ಕೀಟನಾಶಕಗಳ ನರಹಾನಿಯನ್ನು ಪರೀಕ್ಷಿಸುವ ಕ್ರಮಗಳ ಇತಿಹಾಸ

ವಿಷವು ಕೂಡಲೇ ಕೊಂದರೆ ಅದರ ಕಾರಣವನ್ನು ಅರಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ವಿಷವು ದೇಹವನ್ನು ಹೊಕ್ಕು, ಅದರ ಮೊದಲ ಲಕ್ಷಣಗಳೆಲ್ಲ ಅಡಗಿ, ರೋಗಿಯು ಗುಣಹೊಂದಿ ಮನೆಗೆ ಮರಳಿ, ಹತ್ತು ಹದಿನೈದು ದಿನಗಳು ಕಳೆದ ಮೇಲೆ ಅವನ ಕಾಲುಗಳು ಸೋಲತೊಡಗಿದರೆ, ಆ ಸೋಲಿಗೂ ಹಿಂದಿನ ವಿಷಕ್ಕೂ ಸಂಬಂಧವುಂಟೆಂದು ಹೇಳುವವರು ಯಾರು? ಹೇಳಿದರೂ ಅದನ್ನು ಯಾವ ಆಧಾರದ ಮೇಲೆ ನಂಬಬೇಕು? ಕಾರಣಕ್ಕೂ ಕಾರ್ಯಕ್ಕೂ ನಡುವೆ ಕಾಲವು ಅಡ್ಡಬಂದಾಗ ಸಾಕ್ಷ್ಯವನ್ನು ಹೇಗೆ ಕೂಡಿಸಬೇಕೆಂಬುದು ವೈದ್ಯಶಾಸ್ತ್ರದ ಪ್ರಶ್ನೆಯಾಗಿರುವಂತೆಯೇ ಇತಿಹಾಸದ ಪ್ರಶ್ನೆಯೂ ಆಗಿದೆ. ಸಾವಯವ ರಂಜಕ ವರ್ಗದ ಕೀಟನಾಶಕಗಳಿಂದ ತಡವಾಗಿ ಉಂಟಾಗುವ ನರಹಾನಿಯನ್ನು ಪ್ರಯೋಗಶಾಲೆಯಲ್ಲಿ ಕಂಡುಹಿಡಿಯುವ ಕ್ರಮಗಳು ಹೇಗೆ ಬೆಳೆದುಬಂದುವೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಬಯಸಿದ್ದೇವೆ. ಈ ವಿವೇಚನೆಗೆ ಕೋಲಾರದ ಚಿನ್ನದ ಗಣಿಗಳ ಸೀಮೆಯನ್ನೂ ಅದಕ್ಕೆ ಹೊಂದಿದ ಬಂಗಾರಪೇಟೆಯ ಹೊಲಗಳನ್ನೂ ನೆಲೆಯಾಗಿಟ್ಟುಕೊಂಡಿದ್ದೇವೆ. ಅದಕ್ಕೆ ಕಾರಣವು ಮುಂದೆ ವಿಶದವಾಗುವುದು.

೧. ಗಣಿಯ ಧೂಳು ಕಲಿಸಿದ ಪಾಠ

ಕೋಲಾರ ಚಿನ್ನದ ಗಣಿಗಳ ಆಧುನಿಕ ಚರಿತ್ರೆಯು ೧೮೮೦ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಕಂಪನಿಯ ಪ್ರವೇಶದೊಡನೆ ಆರಂಭವಾಗುತ್ತದೆ. ೧೮೯೪ರಲ್ಲಿ ಬಂಗಾರಪೇಟೆಯಿಂದ, ಎಂದರೆ ಅಂದಿನ ಬೌರಿಂಗ್‌ಪೇಟೆಯಿಂದ, ಮಾರಿಕುಪ್ಪದವರೆಗೆ ರೈಲುಮಾರ್ಗವಾಯಿತು. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಚಾಂಪಿಯನ್ ರೀಫ್ ಗಣಿಯು ಕಾಲಕ್ರಮದಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಇಳಿಯಿತು. ಚಿನ್ನವು ಬೆಣಚುಕಲ್ಲಿನ ಪದರಗಳಲ್ಲಿ ಅಡಗಿದ್ದುದರಿಂದ, ಆ ಕಲ್ಲನ್ನು ಕೊರೆದು ಸಿಡಿಸುವಾಗ ಏಳುವ ಸೂಕ್ಷ್ಮವಾದ ಧೂಳನ್ನು ಕಾರ್ಮಿಕರು ಉಸಿರಿನೊಡನೆ ಒಳಗೆಳೆದುಕೊಳ್ಳುತ್ತಿದ್ದರು. ಈ ಧೂಳು ಅಂದೇ ಯಾರನ್ನೂ ಕೊಲ್ಲುವುದಿಲ್ಲ. ವರ್ಷಗಳ ತರುವಾಯ ಶ್ವಾಸಕೋಶವು ಗಡುಸಾಗಿ, ಏದುಸಿರು ಹತ್ತಿ, ಮನುಷ್ಯನು ದುಡಿಮೆಗೆ ಬಾರದವನಾಗುತ್ತಾನೆ. ಇದೇ ಸಿಲಿಕೋಸಿಸ್ ಎಂಬ ರೋಗ.

ಭಾರತದಲ್ಲಿ ಈ ರೋಗವು ಮೊತ್ತಮೊದಲು ವರದಿಯಾದುದು ಕೋಲಾರದ ಗಣಿಗಳಿಂದಲೇ, ೧೯೩೪ರಲ್ಲಿ. ೧೯೪೦ರಿಂದ ೧೯೪೬ರವರೆಗೆ ನಡೆದ ಪರಿಶೀಲನೆಯಲ್ಲಿ ಏಳು ಸಾವಿರಕ್ಕೂ ಮೇಲ್ಪಟ್ಟ ಕಾರ್ಮಿಕರನ್ನು ಪರೀಕ್ಷಿಸಲಾಗಿ, ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ರೋಗದ ಚಿಹ್ನೆಗಳು ಕಂಡುಬಂದುವು. ಇಷ್ಟು ದೊಡ್ಡ ಸಂಖ್ಯೆಯು ಬೆಳಕಿಗೆ ಬರಲು ಎರಡು ಸಾಧನಗಳು ಬೇಕಾಗಿದ್ದುವೆಂಬುದನ್ನು ನಾವು ಗಮನಿಸಬೇಕು. ಒಂದು, ಎದೆಯ ಒಳಗನ್ನು ತೋರಿಸುವ ಕ್ಷಕಿರಣ ಯಂತ್ರ. ಇನ್ನೊಂದು, ಯಾರು ಎಷ್ಟು ವರ್ಷ ಎಲ್ಲಿ ದುಡಿದರೆಂದು ಹೇಳಬಲ್ಲ ಕಂಪನಿಯ ದಾಖಲೆ ಪುಸ್ತಕ. ಆ ದಾಖಲೆಯೇನೂ ಕಾರ್ಮಿಕರ ಹಿತಕ್ಕಾಗಿ ಹುಟ್ಟಿದುದಲ್ಲ. ಅವರ ಮೇಲೆ ಹತೋಟಿಯಿಡುವುದೇ ಅದರ ಉದ್ದೇಶವಾಗಿದ್ದಿತು. ಹೆಬ್ಬೆಟ್ಟಿನ ಗುರುತು ತೆಗೆದುಕೊಳ್ಳುವ ನೋಂದಣಿ ಕ್ರಮವನ್ನು ವಿರೋಧಿಸಿ ಕಾರ್ಮಿಕರು ೧೯೩೦ರಲ್ಲಿ ಮುಷ್ಕರ ಹೂಡಿದ್ದುಂಟು. ಆದರೂ ನಿಧಾನವಾಗಿ ಬರುವ ರೋಗವನ್ನು ಅದರ ಕಾರಣಕ್ಕೆ ಕಟ್ಟಿಹಾಕುವಾಗ, ಹೆಸರೂ ದುಡಿದ ಅವಧಿಯೂ ಬರೆದಿಟ್ಟಿದ್ದ ಕಾಗದವು ರೋಗಿಯ ಪಕ್ಷದ ಸಾಕ್ಷಿಯಾಯಿತು. ಯಂತ್ರವು ರೋಗವನ್ನು ತೋರಿಸಿತು, ಪುಸ್ತಕವು ರೋಗಿಯನ್ನು ತೋರಿಸಿತು. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಈಗ ಕೀಟನಾಶಕಗಳ ಕಡೆಗೆ ತಿರುಗೋಣ.

೨. ರೋಗದ ಸ್ವರೂಪ ಮತ್ತು ಅದರ ಮೊದಲ ಪರಿಚಯ

ಸಾವಯವ ರಂಜಕ ಸಂಯುಕ್ತಗಳೆಂದರೆ, ಇಂಗ್ಲಿಷಿನ ಮೂಲಕ ನಮಗೆ ಆರ್ಗನೊಫಾಸ್ಫರಸ್ ಎಂಬ ಹೆಸರಿನಿಂದ ಪರಿಚಿತವಾದವು, ನರಗಳ ಸಂದೇಶವು ಸ್ನಾಯುಗಳನ್ನು ಮುಟ್ಟಿದ ಕೂಡಲೇ ಅದನ್ನು ಅಳಿಸುವ ಅಸೆಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ಬೆವರು, ಜೊಲ್ಲು, ಕಣ್ಣುಪಾಪೆಯ ಕುಗ್ಗುವಿಕೆ, ಸ್ನಾಯುಗಳ ಅದುರು, ಕೊನೆಗೆ ಉಸಿರುಕಟ್ಟುವಿಕೆ ಇವು ಕೆಲವು ಗಂಟೆಗಳಲ್ಲಿಯೇ ತಲೆದೋರುತ್ತವೆ. ಇದು ತತ್‌ಕ್ಷಣದ ವಿಷಬಾಧೆ. ಇದಕ್ಕೆ ಅಟ್ರೊಪಿನ್ ಮೊದಲಾದ ಮದ್ದುಗಳುಂಟು, ರಕ್ತದಲ್ಲಿ ಕಿಣ್ವವನ್ನು ಅಳೆಯುವ ಪರೀಕ್ಷೆಯೂ ಉಂಟು.

ನಮ್ಮ ವಿಷಯವು ಇದಲ್ಲ. ಇವೇ ಸಂಯುಕ್ತಗಳಲ್ಲಿ ಕೆಲವು, ಎಲ್ಲವೂ ಅಲ್ಲ, ಒಂದರಿಂದ ಮೂರು ವಾರಗಳ, ಕೆಲವೊಮ್ಮೆ ಇನ್ನೂ ಹೆಚ್ಚಿನ, ಮೌನದ ತರುವಾಯ ಬೇರೊಂದು ಕೇಡನ್ನು ತರುತ್ತವೆ. ಮೀನಖಂಡಗಳು ಸೆಳೆಯುತ್ತವೆ, ಪಾದಗಳು ಜುಮುಗುಡುತ್ತವೆ, ಮುಂಗಾಲು ಜೋತುಬಿದ್ದು ರೋಗಿಯು ಕಾಲನ್ನು ಎತ್ತೆತ್ತಿ ಇಡುತ್ತಾನೆ, ಮುಂದೆ ಕೈಗಳೂ ಬಲಗುಂದಬಹುದು. ಕೆಲವರು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಕೆಲವರ ಕಾಲುಗಳು ಜೀವನವಿಡೀ ಬಿಗಿದುಕೊಂಡೇ ಉಳಿಯುತ್ತವೆ. ಅಟ್ರೊಪಿನ್ ಇದನ್ನು ತಡೆಯಲಾರದು. ಮೊದಲ ದಿನ ರಕ್ತದಲ್ಲಿ ಅಳೆದ ಅಸೆಟೈಲ್‌ಕೋಲಿನ್‌ಎಸ್ಟರೇಸಿನ ಪ್ರಮಾಣವು ಈ ಕೇಡನ್ನು ಮುಂಚಿತವಾಗಿ ಹೇಳಲಾರದು.

ಈ ರೋಗದ ಪರಿಚಯವು ಕೀಟನಾಶಕಗಳಿಗಿಂತ ಹಳೆಯದು. ೧೮೯೯ರಲ್ಲಿ ಫ್ರಾನ್ಸಿನಲ್ಲಿ ಲೋರೋ ಎಂಬ ವೈದ್ಯನು, ಕ್ಷಯರೋಗಕ್ಕೆ ಮದ್ದೆಂದು ಕೊಡುತ್ತಿದ್ದ ಫಾಸ್ಫೋಕ್ರಿಯೊಸೋಟಿನಿಂದ ರೋಗಿಗಳ ನರಗಳು ಕೆಟ್ಟುದನ್ನು ವರದಿ ಮಾಡಿದನು. ಆದರೆ ಲೋಕದ ಗಮನವನ್ನು ಸೆಳೆದುದು ೧೯೩೦ರ ಅಮೆರಿಕದ ದುರಂತ. ಆಗ ಆ ದೇಶದಲ್ಲಿ ಪಾನನಿಷೇಧವು ಜಾರಿಯಲ್ಲಿದ್ದು, ಶುಂಠಿಯ ಮದ್ಯಸಾರವನ್ನು ಔಷಧಿಯ ಹೆಸರಿನಲ್ಲಿ ಕುಡಿಯುವವರು ಬಹಳ ಮಂದಿಯಿದ್ದರು. ಅದು ಕುಡಿಯಲು ಹಿತವಾಗಿರಬಾರದೆಂಬ ಉದ್ದೇಶದಿಂದ, ಅದರಲ್ಲಿ ಶುಂಠಿಯ ಘನಾಂಶವು ಇಂತಿಷ್ಟಿರಬೇಕೆಂದು ಸರಕಾರವು ವಿಧಿಸಿದ್ದಿತು. ಅಧಿಕಾರಿಗಳು ದ್ರವವನ್ನು ಕಾಯಿಸಿ ಆವಿಯಾಗಿಸಿ, ಉಳಿದುದನ್ನು ತೂಗಿ ನೋಡುತ್ತಿದ್ದರು. ಈ ತೂಕದ ಪರೀಕ್ಷೆಯಿಂದ ಪಾರಾಗಲೆಂದೇ ಕಲಬೆರಕೆಗಾರರು ರುಚಿಯಿಲ್ಲದ, ಆವಿಯಾಗದ, ಅಗ್ಗದ ಎಣ್ಣೆಯೊಂದನ್ನು ಬೆರೆಸಿದರು. ಅದೇ ಟ್ರೈ-ಆರ್ತೊ-ಕ್ರೆಸೈಲ್ ಫಾಸ್ಫೇಟ್. ಹತ್ತಾರು ಸಾವಿರ ಜನರ ಕಾಲುಗಳು ಸೋತುವು. ಅವರಲ್ಲಿ ಹೆಚ್ಚಿನವರು ಬಡವರು. ಒಂದು ಪರೀಕ್ಷೆಯನ್ನು ವಂಚಿಸಲು ಆರಿಸಿದ ವಸ್ತುವೇ ಇನ್ನೊಂದು ಪರೀಕ್ಷೆಯ ಹುಟ್ಟಿಗೆ ಕಾರಣವಾಯಿತೆಂಬುದು ಈ ಇತಿಹಾಸದ ಗಮನಾರ್ಹವಾದ ಅಂಶ. ಪರೀಕ್ಷೆಯು ತಾನು ಹುಡುಕಲು ಹೊರಟುದನ್ನು ಮಾತ್ರ ಹುಡುಕುತ್ತದೆ. ಅದರ ಕಣ್ಣಿಗಳ ನಡುವೆ ನುಸುಳುವುದನ್ನು ಹಿಡಿಯಲಾರದು.

೩. ಕೋಳಿಯ ಆಯ್ಕೆ

ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಮಾರಿಸ್ ಸ್ಮಿತ್ ಮತ್ತು ಅವನ ಸಂಗಡಿಗರು ೧೯೩೦ರಲ್ಲಿಯೇ ಆ ಎಣ್ಣೆಯನ್ನು ಗುರುತಿಸಿ, ಅದನ್ನು ನಾನಾ ಪ್ರಾಣಿಗಳಿಗೆ ಕೊಟ್ಟು ನೋಡಿದರು. ಎಲ್ಲ ಪ್ರಾಣಿಗಳೂ ಮನುಷ್ಯನಂತೆ ಬಾಧೆಗೊಳಗಾಗಲಿಲ್ಲ. ಕೋಳಿಗಳಾದರೋ ಮನುಷ್ಯರಂತೆಯೇ ಕೆಲವು ದಿನ ಆರೋಗ್ಯವಾಗಿದ್ದು, ಆಮೇಲೆ ತೂರಾಡಿ, ಕಾಲುಮಡಿಸಿ ಕುಸಿದುವು. ಪ್ರಯೋಗಶಾಲೆಯಲ್ಲಿ ಸಾಮಾನ್ಯವಾಗಿ ಬಳಸುವ ಇಲಿಯು ಈ ರೋಗದ ಬಾಹ್ಯಲಕ್ಷಣಗಳನ್ನು ಸುಲಭವಾಗಿ ತೋರಿಸುವುದಿಲ್ಲ. ಮರಿಕೋಳಿಗಳೂ ಬಹುಮಟ್ಟಿಗೆ ಬಾಧೆಯಿಂದ ಪಾರಾಗುತ್ತವೆ. ಆದುದರಿಂದ ಮೊಟ್ಟೆಯಿಡುವ ವಯಸ್ಸಿನ ಹೇಂಟೆಯೇ ಈ ಪರೀಕ್ಷೆಯ ಪ್ರಾಣಿಯಾಗಿ ನೆಲೆಗೊಂಡಿತು.

ಇಷ್ಟರಲ್ಲಿ ಜರ್ಮನಿಯಲ್ಲಿ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನಜ್ಞನು ಇದೇ ವರ್ಗದ ಹೊಸ ಸಂಯುಕ್ತಗಳನ್ನು ಸೃಷ್ಟಿಸುತ್ತಿದ್ದನು. ೧೯೩೬ರಲ್ಲಿ ಅವನು ಕಂಡುಹಿಡಿದ ಟಾಬುನ್ ಯುದ್ಧವಿಷವಾಯಿತು. ೧೯೪೪ರ ಪ್ಯಾರಾಥಿಯಾನ್ ಬೇಸಾಯದ ಔಷಧಿಯಾಯಿತು. ಎರಡನೆಯ ಮಹಾಯುದ್ಧದ ತರುವಾಯ ಈ ಕೀಟನಾಶಕಗಳು ಲೋಕದಲ್ಲೆಲ್ಲ ಹರಡಿದುವು. ಶುಂಠಿಯ ಮದ್ಯದ ಅಪಾಯವು ಇವುಗಳಲ್ಲಿಯೂ ಅಡಗಿರಬಹುದೆಂಬುದು ಸ್ಪಷ್ಟವಾದುದು ಇಂಗ್ಲೆಂಡಿನಲ್ಲಿ. ಮಿಪಾಫಾಕ್ಸ್ ಎಂಬ ಹೊಸ ಕೀಟನಾಶಕವನ್ನು ತಯಾರಿಸುವ ಪ್ರಾಯೋಗಿಕ ಘಟಕದಲ್ಲಿ ಮೂವರು ವಿಷಪೀಡಿತರಾಗಿ, ತತ್‌ಕ್ಷಣದ ಬಾಧೆಯಿಂದ ಚೇತರಿಸಿಕೊಂಡರು. ಆದರೆ ಅವರಲ್ಲಿ ಇಬ್ಬರ ಕಾಲುಗಳು ಅನಂತರ ಸ್ವಾಧೀನ ತಪ್ಪಿದುವು. ಬಿಡ್‌ಸ್ಟ್ರಪ್ ಮೊದಲಾದ ವೈದ್ಯರು ೧೯೫೩ರಲ್ಲಿ ಇದನ್ನು ಪ್ರಕಟಿಸಿದರು. ಅದೇ ವರ್ಷ ಬಾರ್ನ್ಸ್ ಮತ್ತು ಡೆಂಜ್ ಎಂಬ ವಿಜ್ಞಾನಿಗಳು ಕೋಳಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿ, ಯಾವ ರಂಜಕ ಸಂಯುಕ್ತವು ಈ ಕೇಡನ್ನು ತರುತ್ತದೆ, ಯಾವುದು ತರುವುದಿಲ್ಲವೆಂದು ವಿಂಗಡಿಸುವ ಮಾರ್ಗವನ್ನು ತೋರಿಸಿಕೊಟ್ಟರು.

೪. ಕಣ್ಣಿಗೆ ಕಾಣುವುದರಿಂದ ಕಿಣ್ವದವರೆಗೆ

ಆರಂಭದ ಪರೀಕ್ಷೆಯು ಮುಖ್ಯವಾಗಿ ಕಣ್ಣಿನ ಪರೀಕ್ಷೆ. ಕೋಳಿಯು ಹೇಗೆ ನಡೆಯುತ್ತದೆ, ಎಂದು ತೂರಾಡುತ್ತದೆ, ಎಂದು ಕುಸಿಯುತ್ತದೆ ಎಂಬುದನ್ನು ದಿನದಿನವೂ ನೋಡಿ ಬರೆದಿಡುವುದು. ಇದಕ್ಕೆ ಎರಡನೆಯ ಸಾಧನವನ್ನು ಕೂಡಿಸಿದವನು ಲಂಡನ್ನಿನ ಕ್ಯಾವನಾ. ೧೯೫೪ರಲ್ಲಿ ಆತನು ಬಾಧಿತ ಕೋಳಿಗಳ ನರಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿ, ಅತ್ಯಂತ ಉದ್ದವಾದ ಮತ್ತು ದಪ್ಪವಾದ ನರತಂತುಗಳು ತುದಿಯಿಂದ ಹಿಂದಕ್ಕೆ ನಾಶಹೊಂದುವುದನ್ನು ಕಂಡನು. ಬಹು ದೂರದ ಹೊಲಕ್ಕೆ ನೀರೊಯ್ಯುವ ಕಾಲುವೆಯು ಮೊದಲು ಕೊನೆಯಲ್ಲಿಯೇ ಒಣಗುವಂತೆ, ಬೆನ್ನುಹುರಿಯಿಂದ ಪಾದದವರೆಗೆ ಚಾಚಿದ ನರವು ಮೊದಲು ಪಾದದ ಬಳಿಯಲ್ಲಿಯೇ ಸಾಯುತ್ತದೆ. ಕೈಗಿಂತ ಕಾಲು ಮೊದಲು ಸೋಲುವುದೇಕೆಂಬುದು ಇದರಿಂದ ತಿಳಿಯಿತು.

ಮೂರನೆಯ ಸಾಧನವು ೧೯೬೯ರಲ್ಲಿ ದೊರೆಯಿತು. ಇಂಗ್ಲೆಂಡಿನ ಕಾರ್ಷಲ್ಟನ್ನಿನಲ್ಲಿದ್ದ ವಿಷಶಾಸ್ತ್ರ ಘಟಕದ ಎಂ. ಕೆ. ಜಾನ್ಸನ್, ಕೋಳಿಯ ಮೆದುಳಿನಲ್ಲಿ ಈ ವಿಷಗಳು ಹಿಡಿಯುವ ಬೇರೊಂದು ಕಿಣ್ವವನ್ನು ಗುರುತಿಸಿದನು. ಅದು ಅಸೆಟೈಲ್‌ಕೋಲಿನ್‌ಎಸ್ಟರೇಸ್ ಅಲ್ಲ. ಅದಕ್ಕೆ ನ್ಯೂರೊಟಾಕ್ಸಿಕ್ ಎಸ್ಟರೇಸ್ ಎಂದೂ, ಮುಂದೆ ನ್ಯೂರೋಪತಿ ಟಾರ್ಗೆಟ್ ಎಸ್ಟರೇಸ್ ಎಂದೂ ಹೆಸರಾಯಿತು. ಒಂದೇ ಬಾರಿಯ ವಿಷಸೇವನೆಯ ತರುವಾಯ ಈ ಕಿಣ್ವವು ನೂರಕ್ಕೆ ಎಪ್ಪತ್ತು ಎಂಬತ್ತು ಪಾಲಿಗಿಂತ ಹೆಚ್ಚು ಕಟ್ಟಿಹೋದರೆ, ವಾರಗಳ ಬಳಿಕ ಕಾಲು ಸೋಲುವ ಸಂಭವವುಂಟು. ಆದರೆ ಕಟ್ಟಿಹೋಗುವುದೊಂದೇ ಸಾಲದು. ಕಿಣ್ವಕ್ಕೆ ಅಂಟಿಕೊಂಡ ರಂಜಕದ ಗುಂಪಿನಿಂದ ಒಂದು ಭಾಗವು ಕಳಚಿಹೋಗಿ, ಉಳಿದುದು ಬಿಡಿಸಲಾಗದಂತೆ ನೆಲೆಗೊಳ್ಳಬೇಕು. ಈ ಎರಡನೆಯ ಹೆಜ್ಜೆಯನ್ನಿಡದ ಕೆಲವು ಸಂಯುಕ್ತಗಳು ಕಿಣ್ವವನ್ನು ಕಟ್ಟಿಹಾಕಿದರೂ ರೋಗವನ್ನು ತರಲಿಲ್ಲ. ಅಷ್ಟೇ ಅಲ್ಲ, ಅವನ್ನು ಮೊದಲೇ ಕೊಟ್ಟಿದ್ದರೆ ಅವು ಕೋಳಿಯನ್ನು ಕಾಪಾಡಿದುವು.

ಈ ಶೋಧದ ಐತಿಹಾಸಿಕ ಮಹತ್ತ್ವವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಅದು ಕಾಲದ ಅಂತರವನ್ನು ಕುಗ್ಗಿಸಿತು. ಮೂರು ವಾರ ಕಾದು ನೋಡಬೇಕಾಗಿದ್ದ ಕೇಡಿನ ಸೂಚನೆಯು ಒಂದೆರಡು ದಿನಗಳಲ್ಲಿಯೇ ಮೆದುಳಿನ ಕಿಣ್ವದಲ್ಲಿ ಓದಲು ದೊರೆಯಿತು.

ಈ ಮೂರು ಸಾಧನಗಳೂ ಕೂಡಿ ಇಂದಿನ ಪರೀಕ್ಷಾಕ್ರಮವು ರೂಪುಗೊಂಡಿದೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು ೧೯೮೪ರಲ್ಲಿ ಅಂಗೀಕರಿಸಿ ೧೯೯೫ರಲ್ಲಿ ಪರಿಷ್ಕರಿಸಿದ ೪೧೮ ಮತ್ತು ೪೧೯ನೆಯ ಸೂತ್ರಗಳಲ್ಲಿ ಅದರ ವಿವರವಿದೆ. ಮೊದಲನೆಯದರಂತೆ, ಎಂಟರಿಂದ ಹನ್ನೆರಡು ತಿಂಗಳ ಹೇಂಟೆಗಳಿಗೆ ವಿಷವನ್ನು ಒಂದೇ ಬಾರಿ ಬಾಯಿಯ ಮೂಲಕ ಕೊಡುತ್ತಾರೆ. ತತ್‌ಕ್ಷಣದ ಬಾಧೆಯಿಂದ ಅವು ಸಾಯದಂತೆ ಅಗತ್ಯವಿದ್ದಲ್ಲಿ ಅಟ್ರೊಪಿನ್ನಿನಂಥ ಮದ್ದಿನ ರಕ್ಷಣೆ ಕೊಡುತ್ತಾರೆ. ಕೆಲವನ್ನು ೨೪ ಮತ್ತು ೪೮ ಗಂಟೆಗಳ ಬಳಿಕ ಕೊಂದು ಮೆದುಳು, ಬೆನ್ನುಹುರಿಗಳಲ್ಲಿ ಕಿಣ್ವವನ್ನು ಅಳೆಯುತ್ತಾರೆ. ಉಳಿದುವನ್ನು ೨೧ ದಿನ ನೋಡುತ್ತಾರೆ. ಏಣಿ ಹತ್ತಿಸುವಂಥ ಕ್ರಮಗಳಿಂದ ನಡಿಗೆಯ ಸಣ್ಣ ದೋಷವೂ ಹೊರಬೀಳುವಂತೆ ಮಾಡಿ, ತೂರಾಟಕ್ಕೆ ಅಂಕವಿಡುತ್ತಾರೆ. ಕೊನೆಯಲ್ಲಿ ಕಿರುಮೆದುಳು, ಬೆನ್ನುಹುರಿ ಮತ್ತು ಕಾಲಿನ ನರಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸುತ್ತಾರೆ. ಹೋಲಿಕೆಗಾಗಿ ಒಂದು ಗುಂಪಿಗೆ ಶುಂಠಿಯ ಮದ್ಯದ ಆ ಹಳೆಯ ಎಣ್ಣೆಯನ್ನು ಕೊಡುವುದು ರೂಢಿ. ಎರಡನೆಯ ಸೂತ್ರದಲ್ಲಿ ವಿಷವನ್ನು ೨೮ ದಿನ ಪ್ರತಿದಿನವೂ ಕೊಟ್ಟು, ಇನ್ನೂ ೧೪ ದಿನ ನೋಡುತ್ತಾರೆ.

ಕೋಳಿಯನ್ನು ಬಿಟ್ಟು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮಾನವ ನರಕೋಶಗಳ ಮೇಲೆಯೇ ಪರೀಕ್ಷಿಸುವ ಪ್ರಯತ್ನಗಳೂ ನಡೆದಿವೆ. ಆದರೆ ಟ್ರೈ-ಆರ್ತೊ-ಕ್ರೆಸೈಲ್ ಫಾಸ್ಫೇಟು ತಾನೇ ವಿಷವಲ್ಲ. ದೇಹದೊಳಗೆ ಮಾರ್ಪಟ್ಟ ಮೇಲೆ ವಿಷವಾಗುತ್ತದೆಂದು ೧೯೬೧ರಲ್ಲಿಯೇ ತಿಳಿದುಬಂದಿತ್ತು. ಇಂಥ ಮಾರ್ಪಾಟನ್ನು ತಟ್ಟೆಯಲ್ಲಿ ಅನುಕರಿಸುವುದು ಸುಲಭವಲ್ಲವಾದುದರಿಂದ ಜೀವಂತ ಪಕ್ಷಿಯ ಸ್ಥಾನವು ಪೂರ್ತಿಯಾಗಿ ತೆರವಾಗಲಿಲ್ಲ.

೫. ಪರೀಕ್ಷೆಯ ಎಲ್ಲೆಗಳು

ಪರೀಕ್ಷೆಯಿದ್ದ ಮೇಲೆಯೂ ದುರಂತಗಳು ನಿಲ್ಲಲಿಲ್ಲವೆಂಬುದು ಇತಿಹಾಸಕಾರನು ಮರೆಯಬಾರದ ಸಂಗತಿ. ೧೯೫೯ರಲ್ಲಿ ಮೊರಾಕ್ಕೋದ ಮೆಕ್ನೆಸ್ ಪಟ್ಟಣದ ಸುತ್ತ ಸುಮಾರು ಹತ್ತು ಸಾವಿರ ಜನರ ಕೈಕಾಲುಗಳು ಸೋತುವು. ವಿಮಾನದ ಯಂತ್ರಕ್ಕೆ ಹಾಕುವ ಎಣ್ಣೆಯನ್ನು ಅಡಿಗೆಯ ಎಣ್ಣೆಗೆ ಬೆರೆಸಿ ಮಾರಿದ್ದರು. ೧೯೬೦ರಲ್ಲಿ ಮುಂಬಯಿಯಲ್ಲಿ ಇದೇ ಬಗೆಯ ವಿಷದಿಂದ ಜನರು ಪೀಡಿತರಾದರು. ವೋರಾ, ದಸ್ತೂರ್ ಮೊದಲಾದವರು ೧೯೬೨ರಲ್ಲಿ ಅದನ್ನು ವರದಿ ಮಾಡಿದರು. ೧೯೮೮ರಲ್ಲಿ ಕಲ್ಕತ್ತೆಯ ಬೆಹಾಲದಲ್ಲಿಯೂ ಕಲಬೆರಕೆಯ ಅಡಿಗೆ ಎಣ್ಣೆಯಿಂದ ಅದೇ ಕಥೆ ಮರುಕಳಿಸಿತು.

ಶ್ರೀಲಂಕಾದಲ್ಲಿ ೧೯೭೭-೭೮ರಲ್ಲಿ ನಡೆದುದು ನಮ್ಮ ಸೀಮೆಯವರ ಮನಸ್ಸನ್ನು ಹೆಚ್ಚು ತಟ್ಟಬೇಕು. ಅಲ್ಲಿ ತಮಿಳು ಮನೆಗಳ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರು, ಮೈನೆರೆದಾಗ ಪುಷ್ಟಿಗೆಂದು ಕೊಡುವ ಒಳ್ಳೆಣ್ಣೆಯನ್ನು ಕುಡಿದು ನಡೆಯಲಾರದವರಾದರು. ಎಣ್ಣೆಯಲ್ಲಿ ಕ್ರೆಸೈಲ್ ಫಾಸ್ಫೇಟು ಸೇರಿದ್ದಿತು. ಸೇನಾನಾಯಕೆ ಮತ್ತು ಜಯರತ್ನಂ ೧೯೮೧ರಲ್ಲಿ ಇದನ್ನು ಪ್ರಕಟಿಸಿದರು. ಮೈನೆರೆದ ಮಗಳಿಗೆ ಒಳ್ಳೆಣ್ಣೆಯನ್ನೂ ಚಿಗಳಿಯನ್ನೂ ಕೊಡುವ ಪದ್ಧತಿಯು ಕೋಲಾರ ಸೀಮೆಯ ಕನ್ನಡ, ತೆಲುಗು, ತಮಿಳು ಮನೆಗಳಿಗೆಲ್ಲ ಪರಿಚಿತವಾದುದೇ. ತಾಯಿಯ ಅಕ್ಕರೆಯ ಕೈಯಿಂದಲೇ ವಿಷವು ಮಗಳನ್ನು ಮುಟ್ಟಿದುದು ಈ ಪ್ರಕರಣದ ಕ್ರೂರವಾದ ಅಂಶ. ಪ್ರಯೋಗಶಾಲೆಯು ವಸ್ತುವನ್ನು ಪರೀಕ್ಷಿಸಬಲ್ಲದು. ಆ ವಸ್ತುವನ್ನು ಹಿಂದೆ ತುಂಬಿಟ್ಟಿದ್ದ ಪೀಪಾಯಿಯು ಯಾವ ಅಂಗಡಿಯನ್ನು ಸೇರಿತೆಂಬುದನ್ನು ಅದು ಕಾಣಲಾರದು.

ಕೀಟನಾಶಕಗಳಲ್ಲಿಯೂ ಹೀಗೆಯೇ. ೧೯೭೧ರಲ್ಲಿ ಈಜಿಪ್ಟಿನಲ್ಲಿ ಲೆಪ್ಟೊಫಾಸ್ ಎಂಬ ಕೀಟನಾಶಕದಿಂದ ಸಾವಿರಕ್ಕೂ ಹೆಚ್ಚು ಎಮ್ಮೆಗಳು ಕಾಲು ಸೋತು ಸತ್ತುವು. ೧೯೭೪ರಲ್ಲಿ ಅಬೂ ದೋನಿಯಾ ಮೊದಲಾದವರು ಅದೇ ಕೇಡನ್ನು ಕೋಳಿಗಳಲ್ಲಿ ತೋರಿಸಿದರು. ಅಷ್ಟರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಖಾನೆಯ ಕೆಲಸಗಾರರೂ ನರರೋಗಕ್ಕೆ ತುತ್ತಾಗಿದ್ದರು. ತನ್ನ ಹೊಲಗಳಲ್ಲಿ ಬಳಸಲು ಅಮೆರಿಕವು ನೋಂದಣಿ ಕೊಡದಿದ್ದ ಈ ವಸ್ತುವು ಹೊರದೇಶಗಳಿಗೆ ರಫ್ತಾಗುತ್ತಿದ್ದಿತು.

ಇನ್ನೊಂದು ಎಲ್ಲೆಯು ಇನ್ನೂ ಸೂಕ್ಷ್ಮವಾದುದು. ೧೯೮೨ರಲ್ಲಿ ಸೇನಾನಾಯಕೆ ಮತ್ತು ಜಾನ್ಸನ್, ಮೆಥಾಮಿಡೊಫಾಸ್ ಸೇವಿಸಿ ಬದುಕಿಕೊಂಡವರಲ್ಲಿ ಈ ನರರೋಗವು ತಲೆದೋರಿದುದನ್ನು ಪ್ರಕಟಿಸಿದರು. ಕೋಳಿಗಳಲ್ಲಿಯಾದರೋ, ಮದ್ದಿನ ರಕ್ಷಣೆಯೊಡನೆ ಮಾರಕ ಪ್ರಮಾಣವನ್ನು ಮೀರಿ ಕೊಟ್ಟಾಗ ಮಾತ್ರ ಅದು ರೋಗವನ್ನು ತರುತ್ತಿದ್ದಿತು. ಇದರ ಅರ್ಥವೇನು? ಕೆಲವು ವಿಷಗಳು ಕಾಲನ್ನು ಕೆಡಿಸುವ ಮೊದಲೇ ಪ್ರಾಣವನ್ನು ತೆಗೆಯುತ್ತವೆ. ಚಿಕಿತ್ಸೆಯಿಲ್ಲದ ಕಾಲದಲ್ಲಿ ಅಂಥ ರೋಗಿಯು ಉಳಿಯುತ್ತಲೇ ಇರಲಿಲ್ಲ; ಆದುದರಿಂದ ತಡವಾದ ಕೇಡನ್ನು ಯಾರೂ ಕಾಣುತ್ತಿರಲಿಲ್ಲ. ಅಟ್ರೊಪಿನ್ನೂ ಉಸಿರಾಟದ ಯಂತ್ರವೂ ಬಂದ ಮೇಲೆ ರೋಗಿಯು ಬದುಕಿದನು, ಬದುಕಿದುದರಿಂದಲೇ ಅವನ ಕಾಲಿನ ಕೇಡು ಹೊರಬಿದ್ದಿತು. ಚಿಕಿತ್ಸೆ ಉತ್ತಮಗೊಂಡಷ್ಟೂ ಇಂಥ ರೋಗಿಗಳನ್ನು ಕಾಯಬೇಕಾದ ಹೊಣೆಯೂ ಹೆಚ್ಚುತ್ತದೆ.

೬. ಭಾರತದ ಕಾನೂನು ಮತ್ತು ಕರ್ಣಾಟಕದ ಒಂದು ಎಚ್ಚರಿಕೆ

ನಮ್ಮ ದೇಶದಲ್ಲಿ ಕೀಟನಾಶಕಗಳ ಮೇಲಿನ ಹತೋಟಿಯು ಒಂದು ದುರಂತದಿಂದಲೇ ಆರಂಭವಾಯಿತು. ೧೯೫೮ರಲ್ಲಿ, ಹಡಗಿನಲ್ಲಿ ಆಹಾರಪದಾರ್ಥಗಳ ಜೊತೆಯಲ್ಲಿಯೇ ತಂದ ಫಾಲಿಡಾಲ್, ಎಂದರೆ ಪ್ಯಾರಾಥಿಯಾನ್, ಸೋರಿ ಬೆರೆತುದರಿಂದ ಕೇರಳ ಮತ್ತು ಮದರಾಸು ಪ್ರಾಂತಗಳಲ್ಲಿ ನೂರಕ್ಕೂ ಹೆಚ್ಚು ಜನರು ಸತ್ತರು. ವಿಚಾರಣಾ ಆಯೋಗವು ಕುಳಿತಿತು. ೧೯೬೪ರಲ್ಲಿ, ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಎಂ. ಎಸ್. ಥ್ಯಾಕರ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದು ನೇಮಕವಾಯಿತು. ೧೯೬೮ರಲ್ಲಿ ಕೀಟನಾಶಕಗಳ ಅಧಿನಿಯಮವು ಅಂಗೀಕೃತವಾಗಿ ೧೯೭೧ರಲ್ಲಿ ಜಾರಿಗೆ ಬಂದಿತು. ಕಾನೂನಿಗೆ ಪ್ರೇರ್ಯವಾದುದು ತತ್‌ಕ್ಷಣದ ಸಾವು. ಆದರೆ ನೋಂದಣಿ ಸಮಿತಿಯು ಕೇಳುವ ದಾಖಲೆಗಳಲ್ಲಿ ತಡವಾದ ಕೇಡಿಗೂ ಸ್ಥಾನ ದೊರೆತು, ರಂಜಕ ವರ್ಗದ ವಸ್ತುಗಳಿಗೆ ಕೋಳಿಯ ಮೇಲಿನ ನರಪರೀಕ್ಷೆಯ ವರದಿಯನ್ನು ಕೇಳುವ ಪದ್ಧತಿ ಬಂದಿತು. ಪ್ಯಾರಾಥಿಯಾನ್ ೧೯೭೪ರಲ್ಲಿ ನಿಷಿದ್ಧವಾಯಿತು. ಕೋಳಿಗಳಲ್ಲಿ ಈ ಕೇಡನ್ನು ತೋರಿಸಿದ ಲೆಪ್ಟೊಫಾಸ್ ಮತ್ತು ಇ.ಪಿ.ಎನ್. ಎಂಬ ಎರಡಕ್ಕೂ ಭಾರತವು ನೋಂದಣಿಯನ್ನು ನಿರಾಕರಿಸಿತು. ೨೦೧೮ರ ಆದೇಶದಂತೆ ಮೀಥೈಲ್ ಪ್ಯಾರಾಥಿಯಾನ್, ಫೆಂಥಿಯಾನ್, ಡಯಾಜಿನಾನ್‌ಗಳೂ, ೨೦೨೦ರ ಕೊನೆಯಿಂದ ಡೈಕ್ಲೋರ್‌ವಾಸ್, ಟ್ರೈಕ್ಲೋರ್‌ಫಾನ್, ಫೋರೇಟ್, ಟ್ರಯಜೋಫಾಸ್, ಫಾಸ್ಫಾಮಿಡಾನ್‌ಗಳೂ ನಿಂತುವು. ೨೦೧೧ರಲ್ಲಿ ಭಾರತವು ಅಂತರರಾಷ್ಟ್ರೀಯ ದತ್ತಾಂಶ ಒಪ್ಪಂದವನ್ನು ಪೂರ್ಣವಾಗಿ ಸೇರಿದುದರಿಂದ, ಬೆಂಗಳೂರು ಮೊದಲಾದೆಡೆಗಳ ಮಾನ್ಯತೆ ಪಡೆದ ಪ್ರಯೋಗಶಾಲೆಗಳ ವಿಷಪರೀಕ್ಷೆಯ ವರದಿಗೆ ಹೊರದೇಶಗಳಲ್ಲಿಯೂ ಬೆಲೆ ಬಂದಿದೆ.

ಪರೀಕ್ಷೆಯ ಪ್ರಯೋಜನವು ಹೌದೆನ್ನುವುದರಲ್ಲಿ ಮಾತ್ರವಲ್ಲ, ಅಲ್ಲವೆನ್ನುವುದರಲ್ಲಿಯೂ ಇದೆ. ೧೯೭೦ರ ದಶಕದ ನಡುವೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬಡ ಕೂಲಿಕಾರರ ಮನೆಗಳಲ್ಲಿ ಸೊಂಟ, ಮಂಡಿಗಳು ಕೆಟ್ಟು ನಡೆಯಲಾರದ ರೋಗವೊಂದು ಕಾಣಿಸಿಕೊಂಡಾಗ, ಗದ್ದೆಯ ಏಡಿಗಳಲ್ಲಿ ಸೇರಿದ ಕೀಟನಾಶಕವೇ ಕಾರಣವಿರಬೇಕೆಂಬ ಸಂಶಯವು ಬಲವಾಗಿ ಹಬ್ಬಿತು. ದೀರ್ಘಕಾಲದ ಸಂಶೋಧನೆಯ ತರುವಾಯ, ಅದು ನರಗಳ ರೋಗವಲ್ಲ, ವಂಶಪಾರಂಪರ್ಯವಾಗಿ ಬರುವ ಎಲುಬು-ಕೀಲುಗಳ ರೋಗವೆಂದು ವೈದ್ಯವಿಜ್ಞಾನಿಗಳು ನಿರ್ಣಯಿಸಿದರು. ಕಾಲು ಸೋತವರೆಲ್ಲರೂ ವಿಷಪೀಡಿತರಲ್ಲ; ಹಾಗೆಂದು ವಿಷಪೀಡಿತರ ಮಾತನ್ನು ತಳ್ಳಿಹಾಕುವುದಕ್ಕೆ ಹಂದಿಗೋಡು ಆಧಾರವೂ ಅಲ್ಲ. ಎರಡೂ ತಪ್ಪುಗಳಿಂದ ನಮ್ಮನ್ನು ಕಾಪಾಡುವುದು ಕ್ರಮಬದ್ಧವಾದ ಪರೀಕ್ಷೆಯೊಂದೇ.

೭. ಬಂಗಾರಪೇಟೆಯ ಹೊಲಗಳಲ್ಲಿ ಇಲ್ಲದ ಪುಸ್ತಕ

ಈಗ ಆರಂಭದ ಪ್ರಶ್ನೆಗೆ ಮರಳೋಣ. ಚಿನ್ನದ ಗಣಿಗಳು ೧೯೫೬ರಲ್ಲಿ ರಾಷ್ಟ್ರೀಕರಣಗೊಂಡು, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದುವು. ಅವುಗಳ ಸುತ್ತಣ ಬಂಗಾರಪೇಟೆ, ಮಾಲೂರು, ಕೋಲಾರಗಳ ನೆಲದಲ್ಲಿ ರಾಗಿಯ ಜೊತೆಗೆ ಹಿಪ್ಪುನೇರಳೆ, ಟೊಮೇಟೊ, ತರಕಾರಿ, ಮಾವುಗಳ ಬೆಳೆ ಹಬ್ಬಿದೆ. ಇಂಥ ಬೆಳೆಗಳಿಗೆ ಔಷಧಿ ಹೊಡೆಯುವುದು ಸಾಮಾನ್ಯ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ಗಳಂಥ ರಂಜಕ ವರ್ಗದ ವಸ್ತುಗಳು ನಮ್ಮ ರೈತರಿಗೆ ದಶಕಗಳಿಂದ ಪರಿಚಿತ. ಇವುಗಳಲ್ಲಿ ಕ್ಲೋರ್‌ಪೈರಿಫಾಸನ್ನು ಹೆಚ್ಚು ಪ್ರಮಾಣದಲ್ಲಿ ಕುಡಿದು ಬದುಕಿದವರಲ್ಲಿ ತಡವಾದ ನರರೋಗವು ವೈದ್ಯಗ್ರಂಥಗಳಲ್ಲಿ ದಾಖಲಾಗಿದೆ.

ಗಣಿಯ ಕಾರ್ಮಿಕನಿಗೂ ಹೊಲದ ಕೂಲಿಯಾಳಿಗೂ ಇರುವ ಭೇದವು ಇಲ್ಲಿ ಕಾಣುತ್ತದೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಇಂದು ಒಂದು ತೋಟದಲ್ಲಿ, ನಾಳೆ ಇನ್ನೊಂದು ತೋಟದಲ್ಲಿ ದಿನಗೂಲಿಗೆ ದುಡಿಯುವವನು ಯಾವ ದಿನ ಯಾವ ಔಷಧಿಯನ್ನು ಎಷ್ಟು ಹೊತ್ತು ಹೊಡೆದನೆಂದು ಬರೆದಿಡುವವರಿಲ್ಲ. ಎರಡು ಮೂರು ಔಷಧಿಗಳನ್ನು ಒಂದೇ ನೀರಿನಲ್ಲಿ ಕಲಸುವುದೂ ಉಂಟು. ಪ್ರಯೋಗಶಾಲೆಯ ಕೋಳಿಗೆ ಕೊಡುವುದು ಒಂದೇ ವಸ್ತುವನ್ನು. ವಿಷ ಕುಡಿದೋ ಉಸಿರಾಡಿಯೋ ಆಸ್ಪತ್ರೆ ಸೇರಿದವನ ದಾಖಲೆಯು ಅವನು ಎದ್ದು ಮನೆಗೆ ಹೊರಟ ದಿನ ಮುಗಿಯುತ್ತದೆ. ಕೇಡು ಕಾಣಬೇಕಾದುದಾದರೋ ಆಮೇಲೆ. ಮೂರು ವಾರಗಳಾದ ಮೇಲೆ ಅವನ ಕಾಲು ಸೋತರೆ, ಅವನು ಬೇರೆ ವೈದ್ಯರ ಬಳಿಗೆ ಬೇರೆ ರೋಗವೆಂದು ಹೋಗುತ್ತಾನೆ, ಇಲ್ಲವೆ ವಾಯುವೆಂದು ಎಣ್ಣೆ ತಿಕ್ಕಿಸಿಕೊಂಡು ಮನೆಯಲ್ಲಿಯೇ ಉಳಿಯುತ್ತಾನೆ. ಗಣಿಯಲ್ಲಿ ರೋಗವನ್ನು ತೋರಿಸುವ ಯಂತ್ರವೂ ಇದ್ದಿತು, ರೋಗಿಯನ್ನು ತೋರಿಸುವ ಪುಸ್ತಕವೂ ಇದ್ದಿತು. ಇಲ್ಲಿ ಯಂತ್ರಕ್ಕೆ ಸಮಾನವಾದ ಪರೀಕ್ಷೆಯುಂಟು, ಪುಸ್ತಕವಿಲ್ಲ.

ಆದುದರಿಂದ ನಮ್ಮ ತೀರ್ಮಾನವು ಹೀಗಿದೆ. ಕೋಳಿಯ ಪರೀಕ್ಷೆಯು ಇಪ್ಪತ್ತನೆಯ ಶತಮಾನದ ವಿಷಶಾಸ್ತ್ರದ ಹೆಮ್ಮೆಯ ಸಾಧನೆಗಳಲ್ಲೊಂದು. ಅದರಿಂದ ಅನೇಕ ಅಪಾಯಕರ ವಸ್ತುಗಳು ಹೊಲವನ್ನು ತಲುಪುವ ಮೊದಲೇ ಗುರುತು ಸಿಕ್ಕಿಬಿದ್ದಿವೆ. ಆದರೆ ಅದು ವಸ್ತುವಿನ ಸ್ವಭಾವವನ್ನು ಹೇಳುತ್ತದೆಯೇ ಹೊರತು ಮನುಷ್ಯನ ಪಾಡನ್ನು ಹೇಳುವುದಿಲ್ಲ. ಮನುಷ್ಯನ ಪಾಡನ್ನು ತಿಳಿಯಬೇಕಾದರೆ ಇಪ್ಪತ್ತೊಂದು ದಿನ ಕೋಳಿಯನ್ನು ನೋಡುವ ತಾಳ್ಮೆಯನ್ನೇ ಮನುಷ್ಯನ ವಿಷಯದಲ್ಲಿಯೂ ತೋರಿಸಬೇಕು. ವಿಷಬಾಧೆಯಿಂದ ಚೇತರಿಸಿಕೊಂಡು ಹೊರಡುವ ಪ್ರತಿಯೊಬ್ಬನ ಊರು, ವಿಷದ ಹೆಸರು, ತೆಗೆದುಕೊಂಡ ದಿನ ಇವನ್ನು ಬರೆದಿಟ್ಟು, ಐದಾರು ವಾರಗಳವರೆಗೆ ಒಮ್ಮೆಯಾದರೂ ಅವನ ನಡಿಗೆಯನ್ನು ನೋಡುವ ಏರ್ಪಾಡು ಬೇಕು. ಇದಕ್ಕೆ ದೊಡ್ಡ ಯಂತ್ರವಾಗಲಿ ಹೆಚ್ಚಿನ ಹಣವಾಗಲಿ ಬೇಡ. ಒಂದು ಪುಸ್ತಕವೂ ಅದನ್ನು ಮುಚ್ಚದೆ ತೆರೆದಿಡುವ ಸಂಕಲ್ಪವೂ ಸಾಕು.

ಇತಿಹಾಸದ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವುಂಟು. ತಮ್ಮ ತಮ್ಮ ಹಳ್ಳಿಗಳಲ್ಲಿ ಯಾವ ಕಾಲದಲ್ಲಿ ಯಾವ ಬೆಳೆ ಬಂದಿತು, ಯಾವ ಔಷಧಿ ಯಾವ ಅಂಗಡಿಯಿಂದ ಬಂದಿತು, ಅದನ್ನು ಹೊಡೆಯುತ್ತಿದ್ದವರು ಯಾರು, ಅವರಿಗೆ ಮುಂದೆ ಏನಾಯಿತು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಬಹುದು. ಅದು ವೈದ್ಯರ ನಿರ್ಣಯಕ್ಕೆ ಬದಲಿಯಾಗಲಾರದೆಂಬುದನ್ನು ಹಂದಿಗೋಡಿನ ಚರಿತ್ರೆಯೇ ಹೇಳುತ್ತದೆ. ಆದರೆ ನಿರ್ಣಯಕ್ಕೆ ಬೇಕಾದ ಕಾಲದ ಲೆಕ್ಕವನ್ನು ಅದು ಒದಗಿಸಬಲ್ಲದು. ತಡವಾಗಿ ಬರುವ ರೋಗಕ್ಕೆ ತಡವಾಗಿಯೂ ಉಳಿಯುವ ದಾಖಲೆಯೇ ತಕ್ಕ ಉತ್ತರ.